ಬೋರ್ಡಿಲ್ಲದ ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಾಯಿಸಿದ ಬಗೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲಲ್ಲೇ ಕಾಯಬೇಕಾದಷ್ಟು ಚಿಕ್ಕದಾದ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಿದೆ. ಬಾಗಿಲ ಮೇಲೆ ನಾಮಫಲಕವಿಲ್ಲ. ಊರವರ ಮದರ್‌ಬೋರ್ಡುಗಳನ್ನು ಬದಲಾಯಿಸುವವರಿಗೆ ತಮ್ಮದೊಂದು ಬೋರ್ಡು ಬರೆಸಲು ಇನ್ನೂ ಪುರುಸೊತ್ತಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಈ ಅಂಗಡಿಯವರು ನನ್ನ ಕಂಪ್ಯೂಟರಿನ ಮದರ್‌ಬೋರ್ಡನ್ನು, ವಿಂಡೋಸನ್ನು ಹೊಸದಾಗಿ ಹಾಕದೆಯೇ, ಬದಲಾಯಿಸಿಕೊಟ್ಟರು. ಏಳು ತಿಂಗಳಿಗೂ ಹೆಚ್ಚು ಕಾಲ ಆ ಯಂತ್ರದಲ್ಲಿ ದಿನವೂ ಕೆಲಸ ಮಾಡಿದ ಮೇಲೆಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನದು ಚೌಕಿಪೇಟೆಯ ಕಡೆಯ ಒಂದು ಸಣ್ಣ ಡಿಟಿಪಿ ಕೇಂದ್ರ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ದಲ್ಲಾಳಿ ಅಂಗಡಿಗಳ ಬಿಲ್ ಪುಸ್ತಕ, ಕರಪತ್ರ ಇವೇ ನಮ್ಮ ಜೀವನೋಪಾಯ. ಪುಟಗಳನ್ನು ಜೋಡಿಸುವುದು ಇಂದಿಗೂ ಪೇಜ್‌ಮೇಕರ್ 7ರಲ್ಲಿ. ಅಡೋಬಿ ಕಂಪನಿಯು 2001ರಲ್ಲಿ ಹೊರತಂದ ಈ ಆವೃತ್ತಿಯೇ ಅದರ ಕೊನೆಯ ಪ್ರಮುಖ ಆವೃತ್ತಿಯಾದರೂ, ನಮ್ಮ ಹಳೆಯ ಮಾದರಿಗಳೆಲ್ಲ ಅದರಲ್ಲೇ ಇರುವುದರಿಂದ ಅದನ್ನು ಬಿಡಲಾಗಿಲ್ಲ. ಅಕ್ಷರಗಳು ಯುನಿಕೋಡ್‌ಗಿಂತ ಹಿಂದಿನ ನುಡಿ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂಬ ಸಾಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗುತ್ತದೆ. ಹನ್ನೊಂದು ವರ್ಷಗಳಲ್ಲಿ ಹೀಗೆ ಸೇರಿದ ಫಾಂಟುಗಳು, ಕೀಲಿಮಣೆಯ ಹೊಂದಾಣಿಕೆಗಳು, ಸಿ.ಡಿ. ಕಳೆದುಹೋದ ತಂತ್ರಾಂಶಗಳು, ಪ್ರಿಂಟರಿನ ಅಂಚಿನ ಅಳತೆಗಳು ಇವೆಲ್ಲವೂ ಸಿ ಡ್ರೈವಿನಲ್ಲೇ ಬೇರುಬಿಟ್ಟಿದ್ದವು. ‘ಡಾಟಾ ಬ್ಯಾಕಪ್ ಮಾಡಿ ವಿಂಡೋಸ್ ಹಾಕಿಕೊಡುತ್ತೇವೆ’ ಎಂದು ಹೇಳುವವರಿಗೆ ಡಾಟಾ ಎಂದರೆ ಕಡತಗಳಷ್ಟೇ. ಕಡತಗಳನ್ನು ಉಳಿಸಿಕೊಳ್ಳುವುದು ಸುಲಭ. ಅವುಗಳನ್ನು ಮೊದಲಿನಂತೆ ತೆರೆಯಬಲ್ಲ ಯಂತ್ರವನ್ನು ಮತ್ತೆ ಕಟ್ಟಲು ನನಗೆ ಒಂದು ತಿಂಗಳೇ ಹಿಡಿಯುತ್ತಿತ್ತು.

ಬಸವ ಜಯಂತಿಗೆ ಎರಡು ವಾರವಿರುವಾಗ, ಮದುವೆಗಳ ಭರಾಟೆಯ ನಡುವೆ, ಕರೆಂಟು ಹೋಗಿ ಬಂದ ಒಂದು ಮಧ್ಯಾಹ್ನ ಯಂತ್ರ ಏಳಲಿಲ್ಲ. ಫ್ಯಾನು ಎರಡು ಸೆಕೆಂಡು ತಿರುಗಿ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಮೊದಲು ಹೋದ ಅಂಗಡಿಯೊಂದರಲ್ಲಿ, ಕ್ಯಾಬಿನೆಟ್ಟಿನ ಮುಚ್ಚಳ ತೆಗೆಯುವ ಮುನ್ನವೇ, ಬೋರ್ಡು ಹೋಗಿದೆ, ಫಾರ್ಮ್ಯಾಟ್ ಆಗುತ್ತದೆ, ಸಂಜೆ ಬನ್ನಿ ಎಂದರು. ಬೋರ್ಡು ಹೋಗಿದ್ದರೆ ಹಾರ್ಡ್‌ಡಿಸ್ಕನ್ನು ಯಾಕೆ ಅಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗದ ಕಾರಣ ಯಂತ್ರವನ್ನು ಎತ್ತಿಕೊಂಡು ಪರಿಚಿತ ಸ್ಟುಡಿಯೋದವರೊಬ್ಬರು ಹೇಳಿದ ಈ ಮಹಡಿಯನ್ನು ಹತ್ತಿದೆ.

ಇಲ್ಲಿಯ ಮಾಲೀಕರು ಮೂವತ್ತೈದರ ಆಸುಪಾಸಿನವರು. ಅವರು ಕೇಳಿದ ಮೊದಲ ಮಾತು ಇದು: “ಯಜಮಾನ್ರೆ, ಇದರಾಗೆ ಏನೇನು ಐತಿ ಅಂತ ಮೊದಲು ಹೇಳ್ರಿ, ಆಮೇಲೆ ಬಿಚ್ಚಾಣ.” ನಾನು ಹೇಳುತ್ತಾ ಹೋದಂತೆ ಅವರು ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು: ಪೇಜ್‌ಮೇಕರ್, ನುಡಿ, ಕೋರೆಲ್‌ಡ್ರಾ, ಟ್ಯಾಲಿ, ಲೇಸರ್ ಪ್ರಿಂಟರ್. ನಂತರ ಬೇರೆ ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಪೆಟ್ಟಿಗೆ), ಬೇರೆ ರ್‍ಯಾಮ್ ಹಾಕಿ ನೋಡಿ, ದೋಷ ಬೋರ್ಡಿನದೇ ಎಂದು ಖಚಿತಪಡಿಸಿಕೊಂಡರು. ಈ ಪರೀಕ್ಷೆಗೆ 200 ರೂಪಾಯಿ. ಕೆಲಸ ಅಲ್ಲೇ ಮಾಡಿಸಿದರೆ ಅದು ಬಿಲ್ಲಿನಲ್ಲಿ ವಜಾ.

ಎರಡು ದಾರಿಗಳನ್ನು ಮುಂದಿಟ್ಟರು. ಹಳೆಯ ಬೋರ್ಡು ಇಂಟೆಲ್ ಎಚ್81 ಚಿಪ್‌ಸೆಟ್ಟಿನದು (ಚಿಪ್‌ಸೆಟ್ ಎಂದರೆ ಬೋರ್ಡಿನ ಮೂಲ ಚಿಪ್ಪು), ನಾಲ್ಕನೆಯ ತಲೆಮಾರಿನ ಪ್ರೊಸೆಸರ್, ಡಿಡಿಆರ್3 ರ್‍ಯಾಮ್. ಅದೇ ಚಿಪ್‌ಸೆಟ್ಟಿನ ಇನ್ನೊಂದು ಬೋರ್ಡು ಹಾಕಿದರೆ ವಿಂಡೋಸ್‌ಗೆ ಹೆಚ್ಚು ವ್ಯತ್ಯಾಸವೇ ತಿಳಿಯುವುದಿಲ್ಲ, ಖರ್ಚೂ ಕಡಿಮೆ. ಆದರೆ ಮಾರುಕಟ್ಟೆಯಲ್ಲಿ ಸಿಗುವುದು ಬಳಸಿದ ಮಾಲು ಅಥವಾ ಹೆಸರಿಲ್ಲದ ಮಾಲು. ಇನ್ನೊಂದು ದಾರಿ ಎಚ್610 ಬೋರ್ಡು, ಹನ್ನೆರಡನೆಯ ತಲೆಮಾರಿನ ಐ3 ಪ್ರೊಸೆಸರ್, ಡಿಡಿಆರ್4 ರ್‍ಯಾಮ್. ನಾನು ಎರಡನೆಯದನ್ನು ಒಪ್ಪಿದೆ. ನಿಜವಾದ ಕಸರತ್ತು ಶುರುವಾದದ್ದು ಆಗಲೇ, ಮತ್ತು ಈ ಅಂಗಡಿಯ ಬಗ್ಗೆ ಬರೆಯಬೇಕೆನಿಸಿದ್ದೂ ಅದರಿಂದಲೇ.

ವಿಂಡೋಸ್ 10 ಹೊಸ ಬೋರ್ಡನ್ನು ಕಂಡಾಗ ತನಗೆ ಬೇಕಾದ ಡ್ರೈವರುಗಳನ್ನು, ಅಂದರೆ ಬಿಡಿಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶಗಳನ್ನು, ಬಹುಪಾಲು ತಾನೇ ಹುಡುಕಿಕೊಳ್ಳುತ್ತದೆ. ಎಕ್ಸ್‌ಪಿ ಕಾಲದಲ್ಲಿ ಬೋರ್ಡು ಬದಲಾದೊಡನೆ ನೀಲಿ ಪರದೆ ಬರುತ್ತಿದ್ದ ನೆನಪು ಹಲವರಿಗಿರಬಹುದು. ಆದರೆ ಡ್ರೈವರುಗಳನ್ನು ಹುಡುಕಿಕೊಳ್ಳಬೇಕಾದರೆ ವಿಂಡೋಸ್ ಮೊದಲು ಡಿಸ್ಕಿನಿಂದ ಏಳಬೇಕು, ಮತ್ತು ಅದಕ್ಕೆ ನನ್ನ ಯಂತ್ರದಲ್ಲಿ ಎರಡು ಅಡ್ಡಿಗಳಿದ್ದವು. ಒಂದು, 2014ರಲ್ಲಿ ಜೋಡಿಸಿಕೊಟ್ಟವರು ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ತಂತ್ರಾಂಶದಲ್ಲಿ) ಡಿಸ್ಕನ್ನು ಐಡಿಇ ಎಂಬ ಹಳೆಯ ಸಂಪರ್ಕ ಕ್ರಮದಲ್ಲಿ ಇಟ್ಟಿದ್ದರು. ಹೊಸ ಬೋರ್ಡಿನಲ್ಲಿ ಇರುವುದು ಎಎಚ್‌ಸಿಐ ಎಂಬ ಹೊಸ ಕ್ರಮ. ಎರಡು, ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಭಾಗವಾಗಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಹೊಸ ಇಂಟೆಲ್ ಬೋರ್ಡುಗಳು ಬಯಾಸಿನ ಹೊಸ ರೂಪವಾದ ಯುಇಎಫ್‌ಐ ಮೂಲಕ, ಜಿಪಿಟಿ ಎಂಬ ಹೊಸ ಪದ್ಧತಿಯ ಡಿಸ್ಕಿನಿಂದ ಮಾತ್ರ ವಿಂಡೋಸನ್ನು ಎಬ್ಬಿಸುತ್ತವೆ. ನನ್ನ ಅದೃಷ್ಟಕ್ಕೆ ವಿಂಡೋಸ್ 64 ಬಿಟ್ಟಿನದಾಗಿತ್ತು. 32 ಬಿಟ್ಟಿನದಾಗಿದ್ದರೆ ಈ ದಾರಿಯೇ ಮುಚ್ಚಿಹೋಗುತ್ತಿತ್ತು.

ಬೋರ್ಡು ಸತ್ತ ಮೇಲೆ ಪೂರ್ವಸಿದ್ಧತೆ ಮಾಡುವುದು ಹೇಗೆ? ಮೇಜಿನ ಮೇಲೆ ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಒಂದು ಎಚ್81 ಬೋರ್ಡಿಗೆ ನನ್ನ ಹಾರ್ಡ್‌ಡಿಸ್ಕನ್ನು ಜೋಡಿಸಿ ವಿಂಡೋಸನ್ನು ಎಬ್ಬಿಸಿದರು. ಸತ್ತಿದೆ ಎಂದುಕೊಂಡಿದ್ದ ಯಂತ್ರ, ಬಂದ್ ಆದಾಗ ತೆರೆದಿದ್ದ ಲಗ್ನಪತ್ರಿಕೆಯ ಐಕಾನಿನ ಸಮೇತ, ಎದುರಿಗೆ ಬಂದು ನಿಂತಿತು. ಅಲ್ಲಿ ಟ್ಯಾಲಿಯ ಲೈಸೆನ್ಸನ್ನು ಸರೆಂಡರ್ ಮಾಡಿಸಿದರು, ಅಂದರೆ ಹಳೆಯ ಯಂತ್ರದಿಂದ ಬಿಡಿಸಿದರು. ಯಂತ್ರ ಬದಲಾದ ಮೇಲೆ ಇದನ್ನು ಮಾಡಿಸಲು ಹೋದರೆ ಅಲೆದಾಟ. ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇಲ್ಲವೆಂದು ನೋಡಿಕೊಂಡರು. ಡಿಸ್ಕು ಹಾಗೆ ಗೂಢಲಿಪಿಯಲ್ಲಿದ್ದರೆ, ಅದರ ಕೀಲಿಯನ್ನು ಕಾಯುವ ಟಿಪಿಎಂ ಇರುವುದು ಹಳೆಯ ಬೋರ್ಡಿನಲ್ಲೇ ಆದ್ದರಿಂದ, ಹೊಸ ಬೋರ್ಡು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಡಿಸ್ಕು ಬೀಗ ಹಾಕಿದ ಪೆಟ್ಟಿಗೆಯಂತೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಇದು ಮಾಲೀಕರಿಗೆ ಗೊತ್ತಿಲ್ಲದೆಯೇ ಚಾಲೂ ಆಗಿರುವುದುಂಟು. ನಂತರ ವಿಂಡೋಸನ್ನು ಸೇಫ್ ಮೋಡಿನಲ್ಲಿ ಏಳುವಂತೆ ಹೇಳಿ, ಬಯಾಸ್‌ನಲ್ಲಿ ಎಎಚ್‌ಸಿಐಗೆ ಬದಲಾಯಿಸಿ, ಒಮ್ಮೆ ಏಳಿಸಿ, ಮಾಮೂಲಿ ಕ್ರಮಕ್ಕೆ ತಂದರು. ಮೊದಲ ಅಡ್ಡಿ ಅಲ್ಲಿಗೆ ನೀಗಿತು.

ಎರಡನೆಯದು ಅಷ್ಟು ಸಲೀಸಾಗಿರಲಿಲ್ಲ. 2017ರಿಂದ ವಿಂಡೋಸ್ 10ರ ಜೊತೆಗೇ ಬರುವ ‘ಎಂಬಿಆರ್2ಜಿಪಿಟಿ’ ಎಂಬ ಸಾಧನವು ಕಡತಗಳನ್ನು ಅಳಿಸದೆ ಡಿಸ್ಕಿನ ಪದ್ಧತಿಯನ್ನು ಬದಲಾಯಿಸುತ್ತದೆ. ಆದರೆ ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ವಿಭಾಗ (ಒಳಗೆ ಮತ್ತೆ ಪಾಲುಗಳನ್ನು ಇಟ್ಟುಕೊಳ್ಳುವ ವಿಭಾಗ) ಇರಕೂಡದು ಎಂಬುದು ಅದರ ಷರತ್ತು. ಸಿ, ಡಿ, ಇ ಎಂದು ಪಾಲು ಮಾಡಿ ಕೊಡುವ ನಮ್ಮೂರಿನ ಹಳೆಯ ರೂಢಿಯಲ್ಲಿ ಡಿ ಮತ್ತು ಇ ಎರಡೂ ಅಂಥ ವಿಭಾಗದ ಒಳಗಿದ್ದವು. ಪರೀಕ್ಷೆ ನಡೆಸಿದಾಗ ಸಾಧನ ಒಲ್ಲೆನೆಂದಿತು. ಮಾಲೀಕರು ಹಾರ್ಡ್‌ಡಿಸ್ಕನ್ನು ಮುಟ್ಟದೆ, ವಿಂಡೋಸ್ ಇದ್ದ ಸಿ ವಿಭಾಗವನ್ನೂ ಅದರ ಜೊತೆಗಿನ ಚಿಕ್ಕ ಸಿಸ್ಟಮ್ ವಿಭಾಗವನ್ನೂ ಮಾತ್ರ 500 ಜಿ.ಬಿ.ಯ ಹೊಸ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಿಗೆ) ಯಥಾವತ್ತಾಗಿ ನಕಲು ಮಾಡಿ, ಆ ನಕಲನ್ನೇ ಜಿಪಿಟಿಗೆ ಬದಲಾಯಿಸಿದರು. ಕೆಲಸ ಕೆಟ್ಟರೆ ಕೆಡುವುದು ನಕಲು. ಮೂಲ ಹಾಗೆಯೇ ಇರುತ್ತದೆ. ನಾನು ಕಂಡ ರಿಪೇರಿಯವರಲ್ಲಿ ಈ ಎಚ್ಚರ ಬಹಳ ಅಪರೂಪ.

ಹೊಸ ಬೋರ್ಡಿನಲ್ಲಿ ಎಸ್‌ಎಸ್‌ಡಿಯೊಂದನ್ನೇ ಜೋಡಿಸಿ ಚಾಲೂ ಮಾಡಿದಾಗ, ಸಾಧನಗಳನ್ನು ಸಿದ್ಧಪಡಿಸಲಾಗುತ್ತಿದೆ ಎಂಬ ಸಂದೇಶದೊಡನೆ ಶೇಕಡಾವಾರು ಏರುತ್ತಾ ಹೋಗಿ, ಎರಡು ಬಾರಿ ತಾನಾಗಿಯೇ ಮರುಚಾಲನೆಯಾಗಿ, ನನ್ನ ಹಳೆಯ ಪರದೆ ಬಂತು. ನೆಟ್‌ವರ್ಕ್ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದರು. ಇಂಟರ್‌ನೆಟ್ಟಿಗೆ ಬೇಕಾದ ಡ್ರೈವರನ್ನು ಇಂಟರ್‌ನೆಟ್ಟಿನಿಂದಲೇ ಇಳಿಸಬೇಕಾದ ಪಜೀತಿ ಹೀಗೆ ತಪ್ಪಿತು. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ್ದ ಹಳೆಯ ಬೋರ್ಡಿನ ಪಳೆಯುಳಿಕೆಗಳನ್ನು ಒಂದೊಂದಾಗಿ ತೆಗೆದುಹಾಕಿದರು. ಎಲ್ಲ ಮುಗಿದ ಮೇಲೆ ಹಳೆಯ ಹಾರ್ಡ್‌ಡಿಸ್ಕನ್ನು ಎರಡನೆಯ ಡಿಸ್ಕಾಗಿ ಜೋಡಿಸಿದರು. ಡಿ ಡ್ರೈವು ಡಿ ಆಗಿಯೇ, ಇ ಡ್ರೈವು ಇ ಆಗಿಯೇ ಉಳಿಯಿತು. ಸಣ್ಣ ಮಾತೆನಿಸಬಹುದು, ಆದರೆ ಪೇಜ್‌ಮೇಕರ್ ಪುಟಗಳಲ್ಲಿನ ಚಿತ್ರಗಳೆಲ್ಲ ಡ್ರೈವಿನ ಅಕ್ಷರದ ಜಾಡು ಹಿಡಿದೇ ಕೊಂಡಿಯಾಗಿರುತ್ತವೆ. ಅಕ್ಷರ ಬದಲಾಗಿದ್ದರೆ ಪ್ರತಿ ಲಗ್ನಪತ್ರಿಕೆಯ ಗಣಪತಿಯನ್ನೂ ಕೈಹಿಡಿದು ಕರೆತರಬೇಕಾಗುತ್ತಿತ್ತು.

ಇನ್ನು ಕುಂದುಗಳು. ವಿಂಡೋಸಿನ ಲೈಸೆನ್ಸ್ ಹೋಯಿತು. ಇದು ಅಂಗಡಿಯವರ ತಪ್ಪಲ್ಲ: ಕ್ಯಾಬಿನೆಟ್ಟಿನ ಮೇಲಿದ್ದ ಸ್ಟಿಕರ್ ಒಇಎಂ ಪ್ರತಿಯದು (ಹೊಸ ಕಂಪ್ಯೂಟರಿನ ಜೊತೆಗೇ ಕೊಡುವ ಪ್ರತಿ), ಅದು ಆ ಬೋರ್ಡಿನೊಂದಿಗೇ ಮುಗಿಯುತ್ತದೆ ಎಂದು ಬೋರ್ಡು ಕೊಳ್ಳುವ ಮುನ್ನವೇ ಹೇಳಿದ್ದರು. ಚಿಲ್ಲರೆ ಮಾರಾಟದ ಪ್ರತಿಯಾಗಿದ್ದು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಆಯ್ಕೆಯಿಂದ ಮರಳಿ ಪಡೆಯಬಹುದಿತ್ತಂತೆ. ಹೊಸ ಲೈಸೆನ್ಸ್ ಕೊಂಡು ಕೀಲಿ ಹಾಕಿದೆ, ಬೇರೇನೂ ಅಲುಗಲಿಲ್ಲ. ಪ್ರಿಂಟರಿನ ವಿಷಯದಲ್ಲಿ ಮಾತ್ರ ಅವರು ಎಡವಿದರು. ಹೊಸ ಯುಎಸ್‌ಬಿ ಕಿಂಡಿಗೆ ಚುಚ್ಚಿದ ನನ್ನ ಲೇಸರ್ ಪ್ರಿಂಟರ್ ‘ಕಾಪಿ 1’ ಎಂಬ ಹೆಸರಿನಲ್ಲಿ ಎರಡನೆಯ ಬಾರಿ ಹುಟ್ಟಿಕೊಂಡಿತು. ಪೇಜ್‌ಮೇಕರ್ ಸಾಲುಗಳನ್ನು ಗೊತ್ತುಪಡಿಸಿದ ಪ್ರಿಂಟರಿಗೆ ತಕ್ಕಂತೆ ಹೊಂದಿಸುವುದರಿಂದ ಮೊದಲ ದಿನ ತೆಗೆದ ಪ್ರತಿಯಲ್ಲಿ ‘ಸುಖಾಗಮನ ಬಯಸುವವರು’ ಮುಂದಿನ ಪುಟಕ್ಕೆ ಜಾರಿದ್ದರು. ಯಾವ ಕಿಂಡಿಗೆ ಚುಚ್ಚಿದ್ದೀರಿ ಎಂದು ಮಾಲೀಕರು ಫೋನಿನಲ್ಲೇ ಕೇಳಿ, ಹಳೆಯ ಹೆಸರಿನ ಪ್ರಿಂಟರಿಗೆ ಹೊಸ ಪೋರ್ಟನ್ನು ಜೋಡಿಸುವುದನ್ನು ಹೇಳಿಕೊಟ್ಟರು. ತಂತ್ರಾಂಶಗಳ ಪಟ್ಟಿಯಲ್ಲಿ ಪ್ರಿಂಟರನ್ನೂ ಬರೆದುಕೊಂಡವರು ಅದನ್ನು ತರಿಸಿ ಒಂದು ಪ್ರತಿ ತೆಗೆದು ನೋಡಬೇಕಿತ್ತು. ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ ವೈರನ್ನೂ ಜೋಡಿಸಲು ಮರೆತಿದ್ದರು. ಅದಕ್ಕಾಗಿ ಇನ್ನೊಮ್ಮೆ ಮಹಡಿ ಹತ್ತಬೇಕಾಯಿತು.

ಬೋರ್ಡು, ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ, ಹೊಸ ಎಸ್‌ಎಂಪಿಎಸ್ ಸೇರಿ 24,100 ರೂಪಾಯಿ, ಕೂಲಿ 1,500. ವಿಂಡೋಸ್ ಲೈಸೆನ್ಸ್ ಬೇರೆ. ಎರಡು ದಿನದ ಕೆಲಸಕ್ಕೆ ಈ ಕೂಲಿ ಕಡಿಮೆಯೆಂದೇ ನನ್ನ ಭಾವನೆ. ಆದರೆ ಎಲ್ಲರಿಗೂ ಇದು ಬೇಕೆಂದು ಹೇಳಲಾರೆ. ಬ್ರೌಸರು, ಸಿನಿಮಾ, ಮಕ್ಕಳ ಪಾಠ ಇಷ್ಟಕ್ಕೇ ಬಳಸುವ ಯಂತ್ರವಾದರೆ ಹೊಸದಾಗಿ ವಿಂಡೋಸ್ ಹಾಕಿಸುವುದೇ ಶುಚಿ. ಅಂಥವರಿಗೆ ಇಲ್ಲಿಯೂ ಅದನ್ನೇ ಹೇಳಿ ಕಳುಹಿಸುವುದನ್ನು ಕಂಡಿದ್ದೇನೆ. ಅಂಗಡಿಯ ಬಿಲ್ಲಿಂಗ್ ಯಂತ್ರದಲ್ಲಿರುವುದು ವಿಂಡೋಸಲ್ಲ, ಉಬುಂಟು ಎಂಬ ಲಿನಕ್ಸ್. ಅದರ ತಿರುಳಾದ ಕರ್ನಲ್ಲಿನಲ್ಲೇ ಬಹುತೇಕ ಡ್ರೈವರುಗಳು ಇರುವುದರಿಂದ ಡಿಸ್ಕನ್ನು ಬೇರೆ ಬೋರ್ಡಿಗೆ ಚುಚ್ಚಿದರೆ ಸಾಮಾನ್ಯವಾಗಿ ಹಾಗೆಯೇ ಏಳುತ್ತದೆ ಎಂದು, ನನ್ನ ಪಾಡು ನೋಡಿ ಕೊಂಚ ಹೆಮ್ಮೆಯಿಂದಲೇ, ಅವರು ಹೇಳಿದರು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಹೊಸ ಬೋರ್ಡಿನಲ್ಲಿ ಇದ್ದುದರಿಂದ ನವೆಂಬರಿನಲ್ಲಿ ಇದೇ ಅಂಗಡಿಯಲ್ಲಿ, ಮತ್ತೆ ಒಂದು ನಕಲು ತೆಗೆದಿಟ್ಟುಕೊಂಡು, ಇದ್ದ ವಿಂಡೋಸಿನ ಮೇಲೆಯೇ 11ಕ್ಕೆ ಏರಿಸಿಕೊಂಡೆ. ಈ ಬಾರಿ ಪ್ರಿಂಟರನ್ನು ಆಟೋದಲ್ಲಿ ನಾನೇ ಒಯ್ದಿದ್ದೆ. ಅಂಗಡಿ ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ತೆರೆಯುವುದಿಲ್ಲ, ಮೆಟ್ಟಿಲು ಕಡಿದಾಗಿದೆ. ಮಾನಿಟರನ್ನು ಮನೆಯಲ್ಲೇ ಬಿಟ್ಟು ಸಿಪಿಯು, ಪ್ರಿಂಟರ್ ಮತ್ತು ಎರಡರ ಕೇಬಲ್ಲುಗಳನ್ನಷ್ಟೇ ಒಯ್ದರೆ ಸಾಕು.