ಬಿಲ್ಡರ್ ವಿರುದ್ಧ ಬರೆದಿದ್ದೀರಾ? ನೋಟಿಸ್ ಬಂದ ಕೂಡಲೇ ಕೇವಿಯಟ್ ಹಾಕಿ

ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಕೆಟ್ಟು ಕೂತಿತ್ತು. ಕೊಳಚೆ ನೀರು ಹಾಗೇ ಹಿಂದಿನ ರಾಜಕಾಲುವೆಗೆ ಹೋಗುತ್ತಿತ್ತು. ವಿಡಿಯೊ ಸಮೇತ ಫೇಸ್‌ಬುಕ್‌ನಲ್ಲಿ ಬರೆದೆ, ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಟ್ಟೆ. ನೀರಿನ ಬಗ್ಗೆ ಬಿಲ್ಡರ್ ತುಟಿ ಬಿಚ್ಚಲಿಲ್ಲ. ಬಂದದ್ದು ಲೀಗಲ್ ನೋಟಿಸ್. ಪೋಸ್ಟ್ ತೆಗೆದು ಕ್ಷಮೆ ಕೇಳಬೇಕಂತೆ, ಇಲ್ಲದಿದ್ದರೆ ಐದು ಕೋಟಿ ಮಾನನಷ್ಟ ಪರಿಹಾರವಂತೆ.

ಪೋಸ್ಟ್ ಶೇರ್ ಮಾಡಿದವರಿಗೂ ನೋಟಿಸ್ ಹೋಗಿತ್ತು. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. "ಪೆನ್ಷನ್ ನಂಬಿ ಬದುಕೋನು ನಾನು, ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೆಯೋಕಾಗುತ್ತಾ ಹೇಳಿ" ಅಂದರು. ಪೋಸ್ಟ್ ಅಳಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ. ಆ ನೋಟಿಸ್ ಕಳಿಸಿದ್ದೇ ಅದಕ್ಕೆ. ಇಂಥ ಬಿಲ್ಡರ್‌ಗಳಿಗೆ ಕೇಸು ಗೆಲ್ಲುವ ಅವಸರ ಇರುವುದಿಲ್ಲ. ವಾಯಿದೆ ಮೇಲೆ ವಾಯಿದೆ ಬಿದ್ದು, ವಕೀಲರ ಫೀಸು ಕಟ್ಟಿ ಕಟ್ಟಿ ನಾವೇ ಸುಮ್ಮನಾದರೆ ಸಾಕು.

ನಮ್ಮ ವಕೀಲರು ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ತಯಾರು ಮಾಡುವಷ್ಟರಲ್ಲಿ ಬಿಲ್ಡರ್ ಏಕಪಕ್ಷೀಯ ತಡೆಯಾಜ್ಞೆ ತಂದಾಗಿತ್ತು. ನಮ್ಮ ಕಡೆಯ ವಿಡಿಯೊ, ದೂರಿನ ಪ್ರತಿ, ಯಾವುದನ್ನೂ ಕೋರ್ಟು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲೇ ನಮ್ಮ ಬಾಯಿ ಮುಚ್ಚಿಸಿಯಾಗಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ನೋಟಿಸ್ ಬಂದರೆ ಉತ್ತರ ಬರೆಯುತ್ತಾ ಕೂರಬೇಡಿ. ಮೊದಲು ಕೇವಿಯಟ್ ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಸೆಕ್ಷನ್ 148ಎ ಪ್ರಕಾರ ಅದು 90 ದಿನ ಜಾರಿಯಲ್ಲಿರುತ್ತದೆ, ಮುಗಿದರೆ ಮತ್ತೆ ಹಾಕಬೇಕು. ಅದಿದ್ದರೆ ತಡೆಯಾಜ್ಞೆಯ ಅರ್ಜಿ ಬಂದಾಗ ನಿಮಗೆ ತಿಳಿಸಬೇಕಾಗುತ್ತದೆ.

ಆದೇಶ ಬಂದೇ ಬಿಟ್ಟರೆ ಮೀರಬೇಡಿ, ನ್ಯಾಯಾಂಗ ನಿಂದನೆಯ ತಲೆನೋವು ಬೇರೆ ಬರುತ್ತದೆ. ಆದರೆ ಸಿಪಿಸಿಯ ಆರ್ಡರ್ 39 ರೂಲ್ 4ರ ಅಡಿ ತೆರವಿಗೆ ಕೂಡಲೇ ಅರ್ಜಿ ಹಾಕಿ. ಇನ್ನೊಂದು ಕಡೆಯವರನ್ನು ಕೇಳದೆ ತಡೆಯಾಜ್ಞೆ ಕೊಟ್ಟಿದ್ದರೆ, ತಡೆಯಾಜ್ಞೆ ಕೇಳಿದ ಮೂಲ ಅರ್ಜಿಯನ್ನು, ಆದೇಶ ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥ ಮಾಡಲು ಕೋರ್ಟು ಪ್ರಯತ್ನಿಸಬೇಕು ಅಂತ ಅದೇ ಆರ್ಡರ್‌ನ ರೂಲ್ 3ಎ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಸುದ್ದಿ ಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಟಿವಿ ಕಂಪನಿ ಝೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಏಕಪಕ್ಷೀಯ ಆದೇಶವನ್ನು ರದ್ದು ಮಾಡಿತು. ದುಡ್ಡಿದ್ದವರು ಟೀಕಾಕಾರರ ಬಾಯಿ ಮುಚ್ಚಿಸಲು ಹೂಡುವ ದಾವೆಗಳ ಬಗ್ಗೆ ಅಲ್ಲಿ ಎಚ್ಚರಿಸಿದೆ. ಆ ತೀರ್ಪಿನ ಪ್ರತಿಯನ್ನು ನಿಮ್ಮ ವಕೀಲರ ಕೈಗೆ ಕೊಡಿ.

ಕ್ರಿಮಿನಲ್ ಕೇಸಿನ ಬೆದರಿಕೆಯೂ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ 2 ವರ್ಷದವರೆಗೆ ಶಿಕ್ಷೆ ಇದೆ, ನಿಜ. ಹಾಗಂತ ನೋಟಿಸ್ ಬಂದ ಮಾತ್ರಕ್ಕೆ ಜೈಲು ಅಂತಲ್ಲ. ಬರೆದದ್ದು ಸತ್ಯವಾಗಿದ್ದು, ಜನರ ಹಿತಕ್ಕೆ ಅಂತ ತೋರಿಸಿದರೆ ರಕ್ಷಣೆ ಅದೇ ಸೆಕ್ಷನ್‌ನಲ್ಲಿದೆ. ಮೂಲ ವಿಡಿಯೊ, ತಾರೀಕು, ದೂರಿನ ಸ್ವೀಕೃತಿ ಜೋಪಾನ.

ರಾಜಿಗೆ ಕರೆದರೆ ಕಾಗದದ ಕೊನೆಯ ಪುಟದವರೆಗೂ ಓದಿ. ನಮಗೆ ಕೊಟ್ಟದ್ದರಲ್ಲಿ, ಇನ್ನು ಮುಂದೆ ಯಾವ ಸರ್ಕಾರಿ ಇಲಾಖೆಗೂ ದೂರು ಕೊಡಬಾರದು ಅನ್ನುವ ಷರತ್ತಿತ್ತು. ನಾನು ಸಹಿ ಹಾಕಲಿಲ್ಲ. ಮಂಡಳಿಗೆ ಕೊಟ್ಟ ದೂರು ಇನ್ನೂ ಇದೆ.