ಶಾಲೆ ನೋಡಿ ಏರಿಯಾ ಆರಿಸುವವರೇ, ಸರ್ಜಾಪುರ ರಸ್ತೆ ಕಡೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ಮಕ್ಕಳ ಶಾಲೆಗೋಸ್ಕರ ಬೆಂಗಳೂರಿನಲ್ಲಿ ಏರಿಯಾ ಹುಡುಕುತ್ತಿರುವವರು, ಅದರಲ್ಲೂ ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ ಕಡೆಯಿಂದ ಸಂಸಾರ ಸಮೇತ ಬರುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಮನೆ ತೋರಿಸುವ ಬ್ರೋಕರ್ "ಪಕ್ಕದಲ್ಲೇ ಸಿಬಿಎಸ್‌ಇ ಸ್ಕೂಲ್ ಇದೆ" ಅಂದರೆ ನಂಬಬೇಡಿ. ಶಾಲೆಯವರೇ "ನಮ್ಮದು ಸಿಬಿಎಸ್‌ಇ" ಅಂದರೂ ನಂಬಬೇಡಿ. ಗೇಟಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರೂ ನಂಬಬೇಡಿ. ನಮ್ಮ ಶಾಲೆಯ ಗೇಟಿನ ಮೇಲೂ ಬರೆದಿತ್ತು.

ನಾವು ಕೊಟ್ಟಿರುವ ದೂರು ಇನ್ನೂ ನಡೆಯುತ್ತಿರುವುದರಿಂದ ಶಾಲೆಯ ಹೆಸರು, ಬ್ರೋಕರ್ ಹೆಸರು ಇಲ್ಲಿ ಹಾಕುತ್ತಿಲ್ಲ. ಆದರೆ ಇದು ಒಂದು ಶಾಲೆಯ ಕಥೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೆಜಮಾನ್ರಿಗೆ ಬೆಳ್ಳಂದೂರು ಹತ್ತಿರದ ಆಫೀಸಿಗೆ ವರ್ಗ ಆಯಿತು. ಮಗಳು ಎಂಟನೇ ಕ್ಲಾಸಿಗೆ ಹೋಗಬೇಕಿತ್ತು, ಮಗ ಒಂದನೇ ಕ್ಲಾಸಿಗೆ. ಮಗಳು ದಾವಣಗೆರೆಯಲ್ಲಿ ಮೊದಲಿನಿಂದಲೂ ಸಿಬಿಎಸ್‌ಇ. ಇನ್ನೆರಡು ವರ್ಷಕ್ಕೆ ಹತ್ತನೇ ಕ್ಲಾಸು, ಈಗ ಬೋರ್ಡ್ ಬದಲಾಯಿಸುವುದು ಬೇಡ ಅಂತ ನಿರ್ಧಾರ ಮಾಡಿದ್ದೆವು. ಬ್ರೋಕರ್‌ಗೆ ಮೊದಲ ಫೋನಿನಲ್ಲೇ ಹೇಳಿದ್ದು ಮೂರೇ ಮಾತು: ಹತ್ತನೇ ಕ್ಲಾಸಿನವರೆಗೆ ಸಿಬಿಎಸ್‌ಇ ಇರುವ ಶಾಲೆ ಹತ್ತಿರ ಇರಬೇಕು, ನೀರಿಗೆ ತೊಂದರೆ ಇರಬಾರದು, ಸಂಸಾರಸ್ಥರು ಇರುವ ಜಾಗ ಆಗಬೇಕು. ಆ ಮನುಷ್ಯ ಮೂರಕ್ಕೂ "ಪಕ್ಕಾ ಮೇಡಂ" ಅಂದ. "ಫುಲ್ ಫ್ಯಾಮಿಲಿ ಏರಿಯಾ ಮೇಡಂ, ಬ್ಯಾಚುಲರ್ಸ್‌ಗೆ ಕೊಡೋದೇ ಇಲ್ಲ. ಸ್ಕೂಲು ವಾಕಬಲ್. ಕಾವೇರಿ ಬಂದಿದೆ. ಸೀಟಿನ ಬಗ್ಗೆ ನೀವು ಟೆನ್ಷನ್ ತಗೋಬೇಡಿ, ನಾನು ಮಾತಾಡ್ತೀನಿ."

ದೊಮ್ಮಸಂದ್ರದ ಕಡೆ ಎರಡು ಬೆಡ್‌ರೂಮಿನ ಮನೆ. ಬಾಡಿಗೆ 32,000, ಅಡ್ವಾನ್ಸ್ ಎರಡು ಲಕ್ಷ, ಒಂದು ತಿಂಗಳ ಬಾಡಿಗೆ ಬ್ರೋಕರ್ ಕಮಿಷನ್, 11 ತಿಂಗಳ ಅಗ್ರಿಮೆಂಟು. ಇದೆಲ್ಲ ಬೆಂಗಳೂರಿನಲ್ಲಿ ಮಾಮೂಲು, ಅದರ ಬಗ್ಗೆ ನನ್ನ ತಕರಾರಿಲ್ಲ. ಶಾಲೆಗೂ ಅವನೇ ಕರೆದುಕೊಂಡು ಹೋದ. ಎಸಿ ಹಾಕಿದ ರಿಸೆಪ್ಷನ್, ಗೋಡೆ ತುಂಬ ಮಕ್ಕಳ ಫೋಟೋ, ಕೌನ್ಸೆಲರ್ ಅಂತ ಒಬ್ಬ ಹುಡುಗಿ. ನಾನು ಬಾಯಿಬಿಟ್ಟು ಕೇಳಿದೆ, "ಇದು ಸಿಬಿಎಸ್‌ಇ ತಾನೇ?" "ಹೌದು ಮೇಡಂ, ಬ್ರೋಷರ್‌ನಲ್ಲಿ ಅಫಿಲಿಯೇಷನ್ ನಂಬರ್ ಇದೆ ನೋಡಿ" ಅಂತ ಕೊನೆಯ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದಳು. ನಂಬರ್ ಇತ್ತು. ಆಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು, ಅರ್ಥ ಆಗಿದ್ದು ಎಷ್ಟೋ ತಿಂಗಳ ಮೇಲೆ. ಅಡ್ಮಿಷನ್ ಫಾರಂ ನಮ್ಮ ಕೈಗೆ ಬರುವಾಗಲೇ ಅದರಲ್ಲಿ "ರೆಫರೆನ್ಸ್" ಅನ್ನುವ ಚೌಕದಲ್ಲಿ ಬ್ರೋಕರ್ ಹೆಸರು, ಮೊಬೈಲ್ ನಂಬರ್ ನೀಲಿ ಪೆನ್ನಿನಲ್ಲಿ ತುಂಬಿತ್ತು. ನಮ್ಮ ಹೆಸರು ಬರೆಯುವ ಮುಂಚೆ ಅವನ ಹೆಸರು!

ನೀರಿನ ವಿಷಯ ಬೇಗ ಮುಗಿಸುತ್ತೇನೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಗಿದ್ದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ. ನಮ್ಮ ಮನೆ ಇರುವುದು ಪಾಲಿಕೆಯ ಗಡಿಯ ಆಚೆ, ಪಂಚಾಯಿತಿ ವ್ಯಾಪ್ತಿಯಲ್ಲಿ. ಆ 110ರಲ್ಲಿ ನಾವು ಇಲ್ಲವೇ ಇಲ್ಲ. ಬೋರ್‌ವೆಲ್ ನೀರಿಗೆ ಬಕೆಟ್ಟೆಲ್ಲ ಬೆಳ್ಳಗೆ, ಬೇಸಿಗೆಯಲ್ಲಿ ಟ್ಯಾಂಕರ್, ಅದರ ದುಡ್ಡು ಮೇಂಟೆನೆನ್ಸ್ ಜೊತೆ ಬೇರೆ. ಇನ್ನು "ವಾಕಬಲ್" ಸ್ಕೂಲು. ದೂರ ನಿಜವಾಗಿಯೂ ಕಮ್ಮಿ, ಆದರೆ ನಡುವೆ ಮುಖ್ಯ ರಸ್ತೆ, ಫುಟ್‌ಪಾತ್ ಇಲ್ಲ, ಬೆಳಗ್ಗೆ ಟಿಪ್ಪರ್ ಲಾರಿಗಳು ಮೈಮೇಲೆ ಬಂದ ಹಾಗೆ ಹೋಗುತ್ತವೆ. ಆರು ವರ್ಷದ ಮಗುವನ್ನು ಅದರಲ್ಲಿ ನಡೆಸಿಕೊಂಡು ಹೋಗಲು ಯಾವ ತಾಯಿಗೂ ಧೈರ್ಯ ಬರಲ್ಲ. ಇಬ್ಬರಿಗೂ ಸ್ಕೂಲ್ ಬಸ್ ಹಾಕಿಸಿದೆವು, ಅದಕ್ಕೂ ದುಡ್ಡು. ಇವನ್ನೆಲ್ಲ ಸಹಿಸಿಕೊಂಡೆವು, ಶಾಲೆ ಒಳ್ಳೆಯದು ಅಂತ. ಶಾಲೆ ಒಳ್ಳೆಯದು ಅಂತ!

ದಸರಾ ರಜೆ ಮುಗಿದ ಮೇಲೆ ಒಂದು ದಿನ ಬಸ್ ಕಾಯುವಾಗ ಪಕ್ಕದ ಬ್ಲಾಕಿನವರೊಬ್ಬರು ಕೇಳಿದರು, "ಮಗಳನ್ನ ನೈನ್ತ್‌ಗೆ ಎಲ್ಲಿ ಹಾಕ್ತೀರಾ?" ಇಲ್ಲೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ನೈನ್ತ್‌ಗೆ ಹೆಸರು ಬೇರೆ ಕಡೆ ನೋಂದಾಯಿಸ್ತಾರೆ ಅಂತಾರಪ್ಪ, ಸರಿಯಾಗಿ ವಿಚಾರಿಸಿ" ಅಂದರು.

ಅವತ್ತು ರಾತ್ರಿ ಬ್ರೋಷರ್ ಹುಡುಕಿ ತೆಗೆದೆ. ಸಿಬಿಎಸ್‌ಇಯ ಸರಸ್ ಪೋರ್ಟಲ್‌ನಲ್ಲಿ ಮಾನ್ಯತೆ ಪಡೆದ ಎಲ್ಲ ಶಾಲೆಗಳ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಕೊನೆಯ ಪುಟದ ಆ ನಂಬರ್ ಹಾಕಿದೆ. ಶಾಲೆಯ ಹೆಸರು ಬಂತು, ಅದೇ ಹೆಸರು. ಒಂದು ಕ್ಷಣ ಸಮಾಧಾನ ಆಯಿತು. ಕೆಳಗೆ ವಿಳಾಸ ಓದಿದೆ. ತುಮಕೂರು ರಸ್ತೆ. ಪಿನ್‌ಕೋಡ್ ಬೇರೆ, ಪ್ರಿನ್ಸಿಪಾಲರ ಹೆಸರು ಬೇರೆ. ನಾವು ಎಲ್ಲಿ, ತುಮಕೂರು ರಸ್ತೆ ಎಲ್ಲಿ? ನಮ್ಮ ಕ್ಯಾಂಪಸ್ಸಿನ ವಿಳಾಸದಲ್ಲಿ ಏನೂ ಇಲ್ಲ. ಜಿಲ್ಲೆ ಹಾಕಿ ಹುಡುಕಿದೆ, ಹೆಸರಿನ ಸ್ಪೆಲ್ಲಿಂಗ್ ಬದಲಾಯಿಸಿ ಹುಡುಕಿದೆ, ಇಲ್ಲ. ಫೀಸ್ ರಸೀದಿಗಳನ್ನು ಟೇಬಲ್ ಮೇಲೆ ಹರಡಿ ನೋಡಿದರೆ ಒಂದರಲ್ಲೂ ಸಿಬಿಎಸ್‌ಇ ಅನ್ನುವ ಮಾತೇ ಇಲ್ಲ, ಬರೀ ಟ್ರಸ್ಟಿನ ಹೆಸರು. ಮಗಳು ನನ್ನ ಹಿಂದೆ ನಿಂತಿದ್ದಳು. "ಅಮ್ಮಾ, ಹಾಗಾದ್ರೆ ನಾನು ಯಾವ ಬೋರ್ಡಲ್ಲಿ ಓದ್ತಿದೀನಿ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಫೀಸು, ಯೂನಿಫಾರ್ಮು, ಬಸ್ಸು ಎಲ್ಲ ಕಟ್ಟಿ, ಮಗಳು ಯಾವ ಬೋರ್ಡಲ್ಲಿದ್ದಾಳೆ ಅಂತ ಹೇಳಲು ನನಗೆ ಗೊತ್ತಿರಲಿಲ್ಲ.

ಬೆಳಗ್ಗೆ ಶಾಲೆಗೆ ಹೋದೆವು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ. ಅದೇ ಕೌನ್ಸೆಲರ್. ಅವಳ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇದೇ ಉತ್ತರ ಸಿಗಬಹುದು.

"ನಾವು ಸಿಬಿಎಸ್‌ಇ ಪ್ಯಾಟರ್ನ್ ಫಾಲೋ ಮಾಡ್ತೀವಿ ಮೇಡಂ."

"ಎನ್‌ಸಿಇಆರ್‌ಟಿ ಬುಕ್ಸೇ ಓದಿಸ್ತಿರೋದು, ನಿಮಗೇನು ಪ್ರಾಬ್ಲಂ?"

"ಅಫಿಲಿಯೇಷನ್ ಪ್ರೋಸೆಸ್‌ನಲ್ಲಿದೆ. ನೈನ್ತ್‌ಗೆ ನಮ್ಮ ಮೇನ್ ಬ್ರಾಂಚಿಂದ ರಿಜಿಸ್ಟ್ರೇಷನ್ ಮಾಡಿಸ್ತೀವಿ."

ಕೊನೆಗೆ, ದನಿ ತಗ್ಗಿಸಿ, "ಬೇರೆ ಯಾವ ಪೇರೆಂಟ್ಸೂ ಕೇಳಿಲ್ಲ ಮೇಡಂ, ನೀವೊಬ್ಬರೇ ಕೇಳ್ತಿರೋದು."

ಈ ಕೊನೆಯ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನಾನೇ ಏನೋ ಗಲಾಟೆ ಮಾಡಲು ಬಂದವಳ ಹಾಗೆ, ಅಲ್ಲಿ ಕೂತಿದ್ದ ಹೊಸ ಅಡ್ಮಿಷನ್ನಿನ ಅಪ್ಪ ಅಮ್ಮಂದಿರೆಲ್ಲ ತಿರುಗಿ ನೋಡಿದರು. ಅವರ ಕೈಯಲ್ಲೂ ಅದೇ ಬ್ರೋಷರ್ ಇತ್ತು.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿದಾಗ ಪೂರ್ತಿ ಗೊತ್ತಾಯಿತು. ಶಾಲೆಗೆ ಇರುವುದು ಎಂಟನೇ ಕ್ಲಾಸಿನವರೆಗೆ ರಾಜ್ಯ ಪಠ್ಯಕ್ರಮ ನಡೆಸುವ ಅನುಮತಿ. ಅಷ್ಟೇ. ಸ್ಯಾಟ್ಸ್ ಅಂದರೆ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಆನ್‌ಲೈನ್ ವ್ಯವಸ್ಥೆ, ಅದರಲ್ಲಿನ ಮಗಳ ದಾಖಲೆಯಲ್ಲೂ ರಾಜ್ಯ ಪಠ್ಯಕ್ರಮ ಅಂತಲೇ ಇತ್ತು. ಇದು ಹೇಗೆ ನಡೆಯುತ್ತದೆ ಅಂದರೆ, ಸಿಬಿಎಸ್‌ಇ ಬೋರ್ಡು ವಿದ್ಯಾರ್ಥಿಯ ಹೆಸರು ನೋಂದಾಯಿಸಿಕೊಳ್ಳುವುದು ಒಂಬತ್ತನೇ ಕ್ಲಾಸಿನಲ್ಲಿ. ಅಲ್ಲಿಯವರೆಗೆ ಬೋರ್ಡ್ ಮಗುವಿನ ಮುಖ ನೋಡುವುದಿಲ್ಲ. ಗೇಟಿನ ಮೇಲೆ ಏನು ಬರೆದುಕೊಂಡರೂ ನಡೆಯುತ್ತದೆ. ಎಲ್‌ಕೆಜಿಯಿಂದ ಎಂಟರವರೆಗೆ ಸಿಬಿಎಸ್‌ಇ ಹೆಸರಿನಲ್ಲಿ ಫೀಸು ತಗೊಂಡು ಹಾಯಾಗಿರಬಹುದು. 2023ರ ಶುರುವಿನಲ್ಲಿ ಸರ್ಕಾರ 5 ಮತ್ತು 8ನೇ ತರಗತಿಗೆ ಮೌಲ್ಯಾಂಕನ ಪರೀಕ್ಷೆ ಮಾಡಲು ಹೊರಟಾಗ ಬೆಂಗಳೂರಿನಲ್ಲಿ ಪೋಷಕರು ಶಾಲೆಗಳ ಮುಂದೆ ನಿಂತು ಪ್ರತಿಭಟನೆ ಮಾಡಿದ್ದರಲ್ಲ, ಅದೂ ಇದೇ ವಿಷಯಕ್ಕೆ. ರಾಜ್ಯ ಪಠ್ಯಕ್ರಮದ ಪರೀಕ್ಷೆ ಬರೆಯಿರಿ ಅಂದಾಗ ಅವರಿಗೆ ತಮ್ಮ ಮಕ್ಕಳು ಯಾವ ಬೋರ್ಡಿನವರು ಅಂತ ತಿಳಿಯಿತು. ಅಷ್ಟು ದೊಡ್ಡ ಸುದ್ದಿ ಆದ ಮೇಲೂ ಇದು ನಿಂತಿಲ್ಲ.

ರಾಜ್ಯ ಪಠ್ಯಕ್ರಮ ಕೀಳು ಅಂತ ನಾನು ಹೇಳುತ್ತಿಲ್ಲ. ನಾನೇ ಎಸ್‌ಎಸ್‌ಎಲ್‌ಸಿ ಬರೆದವಳು. ಅದೇ ಬೇಕಿದ್ದರೆ ಅದನ್ನೇ ಹೇಳಿ ಸೇರಿಸಿಕೊಳ್ಳಲಿ, ಅದರ ಫೀಸು ತಗೊಳ್ಳಲಿ. ಸುಳ್ಳು ಯಾಕೆ ಹೇಳಬೇಕು?

ಬ್ರೋಕರ್‌ಗೆ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ನಮ್ಮೆಜಮಾನ್ರ ನಂಬರಿನಿಂದ ಮಾಡಿದಾಗ ಎತ್ತಿದ. "ನಾನು ಮನೆ ತೋರಿಸೋನು ಮೇಡಂ, ಸ್ಕೂಲ್ ನಡೆಸೋನಲ್ಲ" ಅಂದ. ಹಾಗಾದರೆ ಫಾರಂನಲ್ಲಿ ನಿನ್ನ ಹೆಸರು ಯಾಕಿತ್ತು ಅಂದೆ. "ಅದು ಫಾರ್ಮಾಲಿಟಿ ಮೇಡಂ" ಅಂತ ಕಟ್ ಮಾಡಿದ. ಆಮೇಲೆ ನನ್ನ ನಂಬರೂ ಬ್ಲಾಕ್, ಅವರ ನಂಬರೂ ಬ್ಲಾಕ್. ಮನೆಗೂ ಕಮಿಷನ್, ನಮ್ಮ ಇಬ್ಬರು ಮಕ್ಕಳ ತಲೆ ಮೇಲೂ ಕಮಿಷನ್ ತಗೊಂಡಿದ್ದಾನೆ ಅಂತಲೇ ನನ್ನ ನಂಬಿಕೆ. ಸಂತೆಯಲ್ಲಿ ಕುರಿ ಲೆಕ್ಕ ಹಾಕಿ ದಲ್ಲಾಳಿ ತಗೊಳ್ಳುವ ಹಾಗೆ.

ಮನೆ ಮಾಲೀಕರು ಜಯನಗರದಲ್ಲಿ ಇರುತ್ತಾರೆ. ಖಾಲಿ ಮಾಡುತ್ತೇವೆ ಅಂದರೆ "ಲಾಕ್-ಇನ್ ಇದೆಯಮ್ಮಾ, ಶಾಲೆ ವಿಷಯ ನನಗೆ ಯಾಕೆ ಹೇಳ್ತೀರಾ" ಅಂದರು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಂತೆ, ಅದೂ ಅಗ್ರಿಮೆಂಟಿನಲ್ಲಿದೆ. ಅಡ್ಮಿಷನ್ ಫೀಸು 60,000 ಒಬ್ಬೊಬ್ಬರಿಗೆ, ವಾಪಸ್ ಇಲ್ಲ. ಅದರ ಮೇಲೆ "ಸ್ವಇಚ್ಛೆಯ ದೇಣಿಗೆ" ಅಂತ ಇನ್ನೊಂದು ರಸೀದಿ. ನಾವು ಯಾವ ಇಚ್ಛೆಯಿಂದಲೂ ಕೊಟ್ಟಿದ್ದಲ್ಲ, ಕೊಡದಿದ್ದರೆ ಸೀಟಿಲ್ಲ ಅಂದಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಡೊನೇಷನ್ ತಗೊಳ್ಳುವಂತಿಲ್ಲ, ತಗೊಂಡರೆ ಅದರ ಹತ್ತು ಪಟ್ಟಿನವರೆಗೂ ದಂಡ. ಸೇರಿಸಿಕೊಳ್ಳಲು ಮಗುವಿಗೆ ಪರೀಕ್ಷೆ, ಅಪ್ಪ ಅಮ್ಮನಿಗೆ ಇಂಟರ್‌ವ್ಯೂ ಮಾಡುವುದೂ ತಪ್ಪು. ನಮ್ಮ ಮಗನಿಗೆ ಎರಡನ್ನೂ ಮಾಡಿದ್ದರು. ಆ ರಸೀದಿಯನ್ನೂ ದೂರಿನ ಜೊತೆ ಲಗತ್ತಿಸಿದ್ದೇವೆ.

ಊರಲ್ಲಿ ಎಲ್ಲರೂ ಕೇಳುತ್ತಾರೆ, ಬೆಂಗಳೂರಿನ ಶಾಲೆ ಹೇಗಿದೆ ಅಂತ. ನಮ್ಮ ಮಾವನವರು ಮೊಮ್ಮಗಳ ಫೀಸಿಗೆ ಅಂತ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಭಾಗ ಕೊಟ್ಟಿದ್ದರು. ಅವರಿಗೆ ಇನ್ನೂ ಪೂರ್ತಿ ವಿಷಯ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ.

ಮನೆ ಹುಡುಕುವವರಿಗೆ ನನ್ನ ಮಾತು ಇಷ್ಟೇ. ಮೊದಲು ಶಾಲೆ, ಆಮೇಲೆ ಮನೆ. ಸರಸ್ ಪೋರ್ಟಲ್‌ನಲ್ಲಿ ಹೆಸರು ನೋಡಿ ಬಿಡಬೇಡಿ, ವಿಳಾಸ ಮತ್ತು ಪಿನ್‌ಕೋಡ್ ನೋಡಿ, ಮಾನ್ಯತೆ ಎಷ್ಟನೇ ಕ್ಲಾಸಿನವರೆಗೆ, ಯಾವ ವರ್ಷದವರೆಗೆ ಅಂತಲೂ ನೋಡಿ. ಬಿಇಒ ಕಚೇರಿಯಲ್ಲಿ ಒಂದು ಮಾತು ಕೇಳಿ. "ಪ್ಯಾಟರ್ನ್" ಅನ್ನುವ ಮಾತು ಕಿವಿಗೆ ಬಿದ್ದರೆ ಎದ್ದು ಬನ್ನಿ. ಈಗಾಗಲೇ ಅಲ್ಲಿ ಒಂಬತ್ತು, ಹತ್ತು ಓದುತ್ತಿರುವ ಮಕ್ಕಳ ಅಪ್ಪ ಅಮ್ಮನನ್ನು ಗೇಟಿನ ಹತ್ತಿರ ಹಿಡಿದು ಕೇಳಿ, ಒಳಗೆ ಕೂತವರನ್ನಲ್ಲ. ಶಾಲೆಗೆ ಬ್ರೋಕರ್ ಜೊತೆ ಹೋಗಲೇಬೇಡಿ.

ಮಗಳಿಗೆ ಒಂಬತ್ತಕ್ಕೆ ವೈಟ್‌ಫೀಲ್ಡ್ ಕಡೆ ಒಂದು ಶಾಲೆಯಲ್ಲಿ ಮಾತಾಡಿದ್ದೇವೆ. ವಿಳಾಸ ನೋಡಿದ್ದೇವೆ, ಮಾನ್ಯತೆ ಪತ್ರದ ಜೆರಾಕ್ಸ್ ಕೇಳಿ ತಗೊಂಡಿದ್ದೇವೆ. ಟಿಸಿ ಮಾತ್ರ ಇನ್ನೂ ಕೈಗೆ ಬಂದಿಲ್ಲ, "ಮ್ಯಾನೇಜ್‌ಮೆಂಟ್ ಸೈನ್ ಆಗಬೇಕು" ಅಂತಿದ್ದಾರೆ. ನಾಳೆ ಮತ್ತೆ ಹೋಗುತ್ತೇನೆ. ಇದೇ ಶಾಲೆ ಇರಬಹುದು ಅಂತ ಅನುಮಾನ ಇರುವ ದೊಮ್ಮಸಂದ್ರ, ಸರ್ಜಾಪುರ ಕಡೆಯ ಪೋಷಕರು ನನಗೆ ಮೆಸೇಜ್ ಮಾಡಿ, ದೂರಿನ ಪ್ರತಿ ಕಳಿಸುತ್ತೇನೆ. ನೀವೊಬ್ಬರೇ ಕೇಳ್ತಿರೋದು ಅಂತ ಇನ್ನೊಬ್ಬರಿಗೆ ಅವರು ಹೇಳುವ ಹಾಗಾಗಬಾರದು.