ಮೂರನೆಯ ಕಾಲಿನ ಚಾರ್ಜರ್: ಒಂದು ಮಳೆಗಾಲದ ಬಳಕೆಯ ನಂತರ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪವಿರುವ ನಮ್ಮ ಅಡಿಕೆ ತೋಟದಲ್ಲಿ ಹುಲ್ಲು ಹೆರೆಯುವ ಬ್ಯಾಟರಿ ಯಂತ್ರಕ್ಕೆ ಕಳೆದ ಜೂನ್‌ನಲ್ಲಿ ಹೊಸ ಚಾರ್ಜರ್ ತಂದೆವು. ಹಳೆಯದು ಎರಡೇ ತಂತಿಯ, ಕಡಿಮೆ ಬೆಲೆಯ ಚಾರ್ಜರ್. ಅದರಲ್ಲಿ ರಾತ್ರಿ ಸಿಕ್ಕಿಸಿಟ್ಟ ಬ್ಯಾಟರಿ ಪ್ಯಾಕು ಬೆಳಗ್ಗೆ ಕೈಯಿಡಲಾಗದಷ್ಟು ಕಾದಿತ್ತು. ಪ್ಲಾಸ್ಟಿಕ್ ಕವಚದ ಒಂದು ಮೂಲೆ ಮೆತ್ತಗಾಗಿ, ಕೆಳಗಿದ್ದ ಮರದ ಬೆಂಚಿನ ಮೇಲೆ ಕಂದು ಕಲೆ ಉಳಿದಿದೆ. ಆ ಕಲೆಯನ್ನು ನೋಡಿದಾಗಲೆಲ್ಲ ಮನೆಮಂದಿ ಒಳಗೆ ಮಲಗಿದ್ದದ್ದು ನೆನಪಾಗುತ್ತದೆ.

ನಮ್ಮ 4 ಆಂಪಿಯರ್-ಅವರ್ ಸಾಮರ್ಥ್ಯದ ಪ್ಯಾಕಿನಲ್ಲಿ ಎರಡೆರಡು ಲಿಥಿಯಂ ಅಯಾನ್ ಸೆಲ್‌ಗಳ ಐದು ಜೋಡಿಗಳು ಸರಣಿಯಲ್ಲಿವೆ. ಮೇಲೆ 18 ವೋಲ್ಟ್ ಎಂದು ಬರೆದಿದ್ದರೂ, ಪೂರ್ತಿ ತುಂಬಿದಾಗ ಜೋಡಿಯೊಂದಕ್ಕೆ 4.2ರಂತೆ ಒಟ್ಟು 21 ವೋಲ್ಟ್ ಆಗುತ್ತದೆ, ಅದನ್ನು ಮೀರಗೊಡಬಾರದು. ಆದ್ದರಿಂದ ಒಳ್ಳೆಯ ಚಾರ್ಜರ್ ಮೊದಲು ಒಂದೇ ಸಮನಾದ ಕರೆಂಟು ಕೊಡುತ್ತದೆ, 21 ವೋಲ್ಟ್ ತಲುಪಿದ ಮೇಲೆ ವೋಲ್ಟೇಜನ್ನು ಅಲ್ಲಿಯೇ ಹಿಡಿದಿಟ್ಟು ಕರೆಂಟು ತಾನಾಗಿ ಇಳಿಯಲು ಬಿಡುತ್ತದೆ, ಅದು ತೀರಾ ಕಡಿಮೆಯಾದಾಗ ಪೂರ್ತಿ ನಿಲ್ಲಿಸುತ್ತದೆ. 4 ಆಂಪಿಯರಿನ ಈ ಹೊಸ ಚಾರ್ಜರ್ ಬರಿದಾದ ಪ್ಯಾಕನ್ನು ಸುಮಾರು ಒಂದೂವರೆ ಗಂಟೆಯಲ್ಲಿ ತುಂಬಿಸುತ್ತದೆ. ತೆಗೆದ ಕೂಡಲೇ ಮೀಟರ್ ಇಟ್ಟು ನೋಡಿದರೆ 20.9 ವೋಲ್ಟ್ ತೋರಿಸಿತು.

ನನಗೆ ಮುಖ್ಯವೆನಿಸಿದ್ದು ವೇಗವಲ್ಲ, ಕೂಡು ಮತ್ತು ಕಳೆ ಚಿಹ್ನೆಗಳ ನಡುವೆ 'ಟಿ' ಎಂದು ಗುರುತು ಮಾಡಿದ ಮೂರನೆಯ ಕಾಲು, ಅಂದರೆ ಪ್ಯಾಕಿಗೆ ತಾಗುವ ಮೂರನೆಯ ಪಿನ್ನು. ಪ್ಯಾಕಿನೊಳಗೆ ಸೆಲ್‌ಗಳಿಗೆ ಒತ್ತಿ ಕುಳಿತ ಚಿಕ್ಕ ಥರ್ಮಿಸ್ಟರಿನ (ಶಾಖ ಅಳೆಯುವ ಬಿಡಿಭಾಗ) ರೋಧವು ಶಾಖ ಏರಿದಂತೆ ಇಳಿಯುತ್ತದೆ. ಚಾರ್ಜರ್ ಅದನ್ನು ಆ ಕಾಲಿನ ಮೂಲಕ ಓದುತ್ತದೆ. ಲಿಥಿಯಂ ಸೆಲ್ಲನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಚಾರ್ಜ್ ಮಾಡಬಾರದು. ತೋಟದಿಂದ ತಂದ ಬಿಸಿ ಪ್ಯಾಕನ್ನು ಹಾಗೆಯೇ ಸಿಕ್ಕಿಸಿದ ಮೊದಲ ದಿನ ಕೆಂಪು ದೀಪ ಮಿನುಗತೊಡಗಿತು, ಫ್ಯಾನ್ ತಿರುಗಿತು, ಚಾರ್ಜ್ ಮಾತ್ರ ಆಗಲಿಲ್ಲ. "ಇದೂ ಹಾಳಾಯಿತೇ?" ಎಂದು ಅಪ್ಪ ಕೇಳಿದರು. ಇಪ್ಪತ್ತು ನಿಮಿಷ ಕಳೆದ ಮೇಲೆ ತಾನಾಗಿಯೇ ಚಾರ್ಜ್ ಆರಂಭವಾಯಿತು.

ಮನೆಯ ಕರೆಂಟನ್ನು ಈ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ಒಪ್ಪುವುದರಿಂದ ಸಂಜೆ ಹೊತ್ತು ಕರೆಂಟು ಕುಗ್ಗಿದಾಗಲೂ ಕೆಲಸ ನಿಲ್ಲಲಿಲ್ಲ.

ಆಕ್ಷೇಪವೂ ಇದೆ. ಚಾರ್ಜರ್ ನೋಡುವುದು ಪ್ಯಾಕಿನ ಒಟ್ಟು ವೋಲ್ಟೇಜನ್ನು ಮಾತ್ರ. ಒಂದು ಜೋಡಿ ದುರ್ಬಲವಾಗಿ ಇನ್ನೊಂದು ಮಿತಿ ಮೀರುವುದನ್ನು ತಡೆಯಬೇಕಾದದ್ದು ಪ್ಯಾಕಿನೊಳಗಿನ ರಕ್ಷಣಾ ಬೋರ್ಡು. ಈ ಮಾತು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ, ದೀಪಗಳ ಅರ್ಥವೂ ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಇಲ್ಲ. ದಿನವಿಡೀ ಇದನ್ನು ಬಳಸುವ ಕೆಲಸದವರಿಗೆ ಅದು ತಿಳಿಯಲೇಬೇಕು. ನಾನೇ ಕನ್ನಡದಲ್ಲಿ ಬರೆದು ಚಾರ್ಜರಿನ ಬೆನ್ನಿಗೆ ಅಂಟಿಸಿದ್ದೇನೆ. ಈಗ ಅದರ ಜಾಗ ಮರದ ಬೆಂಚಲ್ಲ, ಜಗಲಿಯ ಕಲ್ಲಿನ ಕಟ್ಟೆ.